ಹೃದಯ ವೈಫಲ್ಯ: ತೂಕದ ಯಂತ್ರವೇ ಮೊದಲ ಎಚ್ಚರಿಕೆ ಗಂಟೆ

ಬಳ್ಳಾರಿ: ‘ಹೃದಯ ವೈಫಲ್ಯ’ ಎಂಬ ಪದ ಕೇಳಿದೊಡನೆ ಹೃದಯ ನಿಂತೇ ಹೋಯಿತೆಂದು ಗಾಬರಿಗೊಳ್ಳುವವರುಂಟು. ವಾಸ್ತವದಲ್ಲಿ ಇದು ಹೃದಯದ ಸ್ನಾಯು ದುರ್ಬಲಗೊಂಡು ಅಥವಾ ಪೆಡಸಾಗಿ, ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪಂಪ್ ಮಾಡಲಾಗದ ದೀರ್ಘಕಾಲಿಕ ಸ್ಥಿತಿ. ಮಾತ್ರೆ, ಪಥ್ಯ ಹಾಗೂ ನಿತ್ಯದ ನಿಗಾದಿಂದ ಅನೇಕರು ವರ್ಷಗಟ್ಟಲೆ ಬಾಳುತ್ತಾರೆ. ಆದರೆ ಅಪಾಯ ಕಡಿಮೆಯೇನಲ್ಲ. ದೇಶದ 53 ಆಸ್ಪತ್ರೆಗಳ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಅಧ್ಯಯನದಲ್ಲಿ, ದಾಖಲಾದ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ವರ್ಷದೊಳಗೆ ಅಸುನೀಗಿದ್ದು ಕಂಡುಬಂದಿತ್ತು.

ಸಿರುಗುಪ್ಪದಿಂದ ಬಳ್ಳಾರಿ ನಗರಕ್ಕೆ ಸುಮಾರು 55 ಕಿ.ಮೀ. ಕುರುಗೋಡಿನಿಂದ ಹೆಚ್ಚುಕಡಿಮೆ ಅದರ ಅರ್ಧ. ಉಸಿರು ಕಟ್ಟಿದ ಮೇಲೆ ಹೊರಟರೆ ಈ ದೂರವೇ ಮುಳುವಾಗುತ್ತದೆ. ಕೆಲವು ದಿನ ಮೊದಲೇ ಸೂಚನೆ ಸಿಕ್ಕರೆ, ವೈದ್ಯರ ಸಲಹೆಯಂತೆ ಮಾತ್ರೆ ಬದಲಿಸಿಕೊಂಡು ಆಸ್ಪತ್ರೆ ವಾಸವನ್ನೇ ತಪ್ಪಿಸಬಹುದು. ಅಂತಹ ಸೂಚನೆಯನ್ನು ಮನೆಯಲ್ಲಿರುವ ಸಣ್ಣ ಡಿಜಿಟಲ್ ಉಪಕರಣಗಳೇ ನೀಡಬಲ್ಲವು.

ಯಾವುದನ್ನು ಅಳೆಯಬೇಕು?

ಮೊದಲನೆಯದು ತೂಕ. ಹೃದಯ ಸೋತಾಗ ಮೂತ್ರಪಿಂಡಗಳು ಉಪ್ಪು ಮತ್ತು ನೀರನ್ನು ದೇಹದಲ್ಲೇ ಹಿಡಿದಿಡುತ್ತವೆ. ಕಾಲು ಬಾವು, ಏದುಸಿರು ಕಾಣಿಸುವ ಮೊದಲೇ ಅನೇಕರಲ್ಲಿ ತೂಕ ಏರಿರುತ್ತದೆ. ಬೆಳಿಗ್ಗೆ ಎದ್ದು ಮೂತ್ರ ವಿಸರ್ಜಿಸಿ, ತಿಂಡಿಗೆ ಮುನ್ನ, ಒಂದೇ ಯಂತ್ರದಲ್ಲಿ, ಹಗುರ ಉಡುಪಿನಲ್ಲಿ ತೂಕ ನೋಡಬೇಕು. ಮೂರು ದಿನಗಳಲ್ಲಿ 2 ಕೆ.ಜಿ.ಗಿಂತ ಹೆಚ್ಚಿದರೆ ಅದು ಕೊಬ್ಬಲ್ಲ, ನೀರು. ಕೂಡಲೇ ವೈದ್ಯರಿಗೆ ತಿಳಿಸಬೇಕು.

ಎರಡನೆಯದು ರಕ್ತದೊತ್ತಡ ಮತ್ತು ನಾಡಿ ಬಡಿತ. ಐದು ನಿಮಿಷ ಕುಳಿತು, ತೋಳಿಗೆ ಪಟ್ಟಿ ಕಟ್ಟಿ ಅಳೆಯಬೇಕು. ಹೃದಯ ಬಡಿತದ ಲಯ ತಪ್ಪಿದವರಲ್ಲಿ ಒಂದೇ ಅಳತೆಯನ್ನು ನಂಬಲಾಗದು. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಉಪಯುಕ್ತವೇ. ಆದರೆ ಬೆರಳು ತಣ್ಣಗಿದ್ದರೆ ತಪ್ಪು ಅಂಕಿ ತೋರಬಹುದು. ಸ್ಮಾರ್ಟ್ ವಾಚ್ ಬಡಿತವನ್ನು ಎಣಿಸೀತು, ತೂಕದ ಯಂತ್ರದ ಕೆಲಸವನ್ನು ಅದು ಮಾಡದು.

ಬೇಸಿಗೆಯ ಇನ್ನೊಂದು ಮುಖ

ಬಳ್ಳಾರಿಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಹೊಸತಲ್ಲ. ಗದ್ದೆ ಕೆಲಸದಲ್ಲಿ ಬೆವರು ಸುರಿಯುವಾಗ ಮೂತ್ರವರ್ಧಕ ಮಾತ್ರೆಯೂ ನೀರನ್ನು ಹೊರಹಾಕುತ್ತಿರುತ್ತದೆ. ಆಗ ತೂಕ ಇಳಿದು, ರಕ್ತದೊತ್ತಡ ಕುಸಿದು, ತಲೆ ಸುತ್ತಬಹುದು. ಆದ್ದರಿಂದ ತೂಕ ಏರಿದಾಗ ಮಾತ್ರವಲ್ಲ, ದಿಢೀರನೆ ಇಳಿದಾಗಲೂ ವೈದ್ಯರಿಗೆ ಹೇಳಬೇಕು. ಇತ್ತ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ-ಮಂಡಕ್ಕಿಯ ಉಪ್ಪು ಮರುದಿನದ ತೂಕದಲ್ಲೇ ಕಾಣಿಸಿಕೊಳ್ಳಬಹುದು.

ಅಂಕಿ ನೋಡುವವರು ಯಾರು?

ಉಪಕರಣ ಕೊಂಡ ಮಾತ್ರಕ್ಕೆ ಜೀವ ಉಳಿಯದು ಎಂಬುದಕ್ಕೆ ಎರಡು ಅಧ್ಯಯನಗಳು ಸಾಕ್ಷಿ. 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 1,653 ರೋಗಿಗಳ ಪೈಕಿ ಒಂದು ಗುಂಪಿನವರು ಸ್ವಯಂಚಾಲಿತ ದೂರವಾಣಿ ವ್ಯವಸ್ಥೆಗೆ ನಿತ್ಯ ತೂಕ ತಿಳಿಸಬೇಕಿತ್ತು. ಕೊನೆಯ ವಾರದ ಹೊತ್ತಿಗೆ ವಾರಕ್ಕೆ ಮೂರು ಬಾರಿಯಾದರೂ ಕರೆ ಮಾಡುತ್ತಿದ್ದವರು ಶೇ 55ರಷ್ಟು ಮಾತ್ರ. ಯಾವ ಪ್ರಯೋಜನವೂ ಕಾಣಲಿಲ್ಲ. 2018ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ 1,571 ರೋಗಿಗಳಿದ್ದರು. ಅಲ್ಲಿ ಮನೆಯ ಅಳತೆಗಳನ್ನು ವೈದ್ಯರು ಮತ್ತು ದಾದಿಯರ ತಂಡ ಹಗಲಿರುಳು ಗಮನಿಸುತ್ತಿತ್ತು. ವರ್ಷಕ್ಕೆ ನೂರು ರೋಗಿಗಳಿಗೆ 11.3ರಷ್ಟಿದ್ದ ಸಾವು ನಿಗಾದಲ್ಲಿದ್ದವರಲ್ಲಿ 7.9ಕ್ಕೆ ಇಳಿದಿತ್ತು. ಅಂಕಿಯ ಆಚೆ ಬದಿಯಲ್ಲಿ ಓಗೊಡುವ ಮನುಷ್ಯರಿರಬೇಕು ಎಂಬುದೇ ಇದರ ಪಾಠ.

ಬರ್ಲಿನ್‌ನಂತಹ ವ್ಯವಸ್ಥೆ ಕೈಗೆಟುಕದಿದ್ದರೂ ದಾರಿಯಿದೆ. ಅಂಕಿಗಳನ್ನು ಫೋನಿನಲ್ಲೋ ಗೋಡೆಯ ಕ್ಯಾಲೆಂಡರಿನಲ್ಲೋ ಬರೆದಿಡಬಹುದು. ಓದು ಬಾರದ ಹಿರಿಯರಿಗೆ ಮೊಮ್ಮಕ್ಕಳು ನೆರವಾಗಬಹುದು. ಇ-ಸಂಜೀವಿನಿ ಮೂಲಕ ವೈದ್ಯರ ಸಲಹೆಯನ್ನೂ ಪಡೆಯಬಹುದು.

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ಈ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರೆಸಿಕೊಳ್ಳಿ:

* ಬಾವು ಇಳಿದ ಮೇಲಿನ ನನ್ನ ಸರಿಯಾದ ತೂಕ ಎಷ್ಟು?
* ಎಷ್ಟು ಏರಿದರೆ ಅಥವಾ ಇಳಿದರೆ ತಿಳಿಸಬೇಕು?
* ಯಾರಿಗೆ, ಯಾವ ಸಂಖ್ಯೆಗೆ ಕರೆ ಮಾಡಬೇಕು?
* ಮೂತ್ರವರ್ಧಕ ಮಾತ್ರೆಯನ್ನು ನಾನೇ ಹೆಚ್ಚು-ಕಡಿಮೆ ಮಾಡಿಕೊಳ್ಳಬಹುದೇ? ಎಷ್ಟು?

ಮಲಗಿದರೆ ಉಸಿರು ಕಟ್ಟುವುದು, ಎದೆನೋವು, ಪ್ರಜ್ಞೆ ತಪ್ಪುವುದು ಕಂಡುಬಂದರೆ ಅಂಕಿ ನೋಡುತ್ತ ಕೂರದೆ 108ಕ್ಕೆ ಕರೆ ಮಾಡಿ.