ಹಳೆಯ ಗಣಕಯಂತ್ರಗಳಿಗೆ ಹೊಸ ಕೆಲಸ

2025ರ ಅಕ್ಟೋಬರ್ 14ರಂದು ವಿಂಡೋಸ್ 10 ತಂತ್ರಾಂಶದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11, ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನೂ ಹೊಸ ಪೀಳಿಗೆಯ ಪ್ರೊಸೆಸರನ್ನೂ ಬಯಸುತ್ತದೆ. ಹೀಗಾಗಿ ಮುಂಬಯಿಯ ಫೋರ್ಟ್‌ನಿಂದ ಅಂಧೇರಿ, ಠಾಣೆಗಳವರೆಗಿನ ಅನೇಕ ಸಣ್ಣ ಕಚೇರಿಗಳು, ಕೆಡದೆ ನಡೆಯುತ್ತಿರುವ ಗಣಕಯಂತ್ರಗಳನ್ನೂ ಬದಲಿಸಬೇಕೇ ಎಂಬ ಪ್ರಶ್ನೆಯನ್ನು ಎದುರಿಸುತ್ತಿವೆ. ವರ್ಚುವಲ್ ಡೆಸ್ಕ್‌ಟಾಪ್ ಪದ್ಧತಿಯು ಇದಕ್ಕೊಂದು ಪರಿಹಾರವಾಗಬಲ್ಲುದು.

ಈ ಪದ್ಧತಿಯಲ್ಲಿ ತಂತ್ರಾಂಶವೂ ಕಡತಗಳೂ ಮೇಜಿನ ಮೇಲಿನ ಯಂತ್ರದಲ್ಲಿರದೆ ದೂರದ ಸರ್ವರ್‌ನಲ್ಲಿರುತ್ತವೆ. ಲೆಕ್ಕಾಚಾರವೆಲ್ಲ ಅಲ್ಲಿಯೇ ನಡೆದು, ಪರದೆಯ ಚಿತ್ರ ಮಾತ್ರ ಜಾಲದ ಮೂಲಕ ನೌಕರನನ್ನು ತಲುಪುತ್ತದೆ. ಕೀಲಿಮಣೆಯ ಒತ್ತುಗಳು ಹಿಂದಿರುಗಿ ಹೋಗುತ್ತವೆ. ಆದುದರಿಂದ ಹತ್ತು ವರ್ಷದ ಯಂತ್ರವೂ ಸಾಕಾಗುತ್ತದೆ. ಆದರೆ ಅದರಲ್ಲಿ ಬೆಂಬಲವಿಲ್ಲದ ಹಳೆಯ ವಿಂಡೋಸನ್ನು ಹಾಗೆಯೇ ಉಳಿಸಿಕೊಳ್ಳುವುದು ಸುರಕ್ಷಿತವಲ್ಲ. ಸಿ-ಡ್ಯಾಕ್ ಸಂಸ್ಥೆಯು ರೂಪಿಸಿದ ಬಾಸ್‌ನಂತಹ ಲಿನಕ್ಸ್ ವ್ಯವಸ್ಥೆಯೊಂದನ್ನು ಅಳವಡಿಸಬೇಕಾಗುತ್ತದೆ.

ಒಂದು ಯಂತ್ರವನ್ನು ಹಲವರು ಹಂಚಿಕೊಳ್ಳುವುದು ಈ ನಗರಕ್ಕೆ ಹೊಸದೇನಲ್ಲ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1964ರಲ್ಲಿ ಸ್ಥಾಪಿತವಾದ ಸಿಡಿಸಿ 3600 ಗಣಕಯಂತ್ರವನ್ನು ದೇಶದ ಅನೇಕ ಸಂಸ್ಥೆಗಳು ಬಳಸುತ್ತಿದ್ದವು. ಅಂದು ರಂಧ್ರಪತ್ರಗಳ ಕಟ್ಟನ್ನು ಯಂತ್ರದ ಬಳಿಗೆ ಕಳುಹಿಸಿ ಉತ್ತರಕ್ಕಾಗಿ ಕಾಯಬೇಕಾಗಿತ್ತು.

ಉಳಿತಾಯದ ಲೆಕ್ಕವನ್ನು ಮಾತ್ರ ಎಚ್ಚರಿಕೆಯಿಂದ ಹಾಕಬೇಕು. ಹೊಸ ನೌಕರ ಬಂದಾಗ ಪ್ರತಿ ಯಂತ್ರದಲ್ಲಿಯೂ ತಂತ್ರಾಂಶ ತುಂಬುವ ಶ್ರಮ ತಪ್ಪುತ್ತದೆ. ಸರ್ವರ್‌ನಲ್ಲಿ ಸಿದ್ಧವಿರುವ ಒಂದು ಮಾದರಿಯ ಪ್ರತಿ ತೆಗೆದರಾಯಿತು. ಮತ್ತೊಂದು ಕಡೆ ಸರ್ವರ್, ಪರವಾನಗಿ, ಕಡತಗಳ ಮರುಪ್ರತಿ, ಅದನ್ನು ನೋಡಿಕೊಳ್ಳುವ ತಂತ್ರಜ್ಞ, ಇವೆಲ್ಲಕ್ಕೂ ವೆಚ್ಚವಿದೆ. ಐದಾರು ಜನರ ಕಚೇರಿಗೆ ಸ್ವಂತ ಸರ್ವರ್ ಹೆಚ್ಚಾಗಿ ದುಬಾರಿಯೇ. ಅಂತಹವರಿಗೆ ಬಾಡಿಗೆಯ ಸೇವೆ ಉಂಟು. ಅಮೆಜಾನ್ ಸಂಸ್ಥೆ ಭಾರತದಲ್ಲಿನ ತನ್ನ ಮೊದಲ ಕ್ಲೌಡ್ ವಲಯವನ್ನು 2016ರಲ್ಲಿ ಮುಂಬಯಿಯಲ್ಲಿಯೇ ತೆರೆಯಿತು. ಆದರೆ ಬಾಡಿಗೆಯನ್ನು ತಿಂಗಳು ತಿಂಗಳೂ ತೆರಬೇಕು. ಆದ್ದರಿಂದ ಐದು ವರ್ಷಗಳ ಬಾಡಿಗೆಯನ್ನು ಕೂಡಿಸಿ, ಹೊಸ ಯಂತ್ರಗಳ ಬೆಲೆಯೊಡನೆ ಹೋಲಿಸಿದ ಮೇಲೆಯೇ ನಿರ್ಧರಿಸುವುದು ಲೇಸು. ಚಿತ್ರ, ವಿಡಿಯೋ ಸಂಕಲನದಂತಹ ಭಾರದ ಕೆಲಸಗಳಿಗೆ ಈ ಪದ್ಧತಿ ಅಷ್ಟಾಗಿ ಅಗ್ಗವಾಗದು.

2020ರ ಮಾರ್ಚ್‌ನಲ್ಲಿ ಉಪನಗರ ರೈಲುಗಳು ನಿಂತಾಗ, ಇಂತಹ ವ್ಯವಸ್ಥೆಯಿದ್ದ ಕಚೇರಿಗಳ ನೌಕರರು ಡೊಂಬಿವಲಿ, ವಿರಾರ್‌ಗಳ ಮನೆಯಿಂದಲೇ ತಮ್ಮ ಕಡತಗಳನ್ನು ತೆರೆಯಬಹುದಾಗಿತ್ತು. ಅದೇ ವರ್ಷ ಅಕ್ಟೋಬರ್ 12ರಂದು ನಗರದಲ್ಲಿ ವಿದ್ಯುತ್ ಜಾಲವೇ ಕುಸಿಯಿತು. ಸರ್ವರ್ ಅಥವಾ ಜಾಲ ನಿಂತರೆ ಒಬ್ಬರ ಕೆಲಸವಲ್ಲ, ಇಡೀ ಕಚೇರಿಯ ಕೆಲಸ ನಿಲ್ಲುತ್ತದೆ. ಆದಕಾರಣ ಎರಡು ಬೇರೆ ಸಂಸ್ಥೆಗಳ ಇಂಟರ್‌ನೆಟ್ ಸಂಪರ್ಕ ಹಾಗೂ ಯುಪಿಎಸ್‌ನ ಬೆಲೆಯನ್ನೂ ಆರಂಭದ ವೆಚ್ಚದಲ್ಲಿಯೇ ಸೇರಿಸತಕ್ಕದ್ದು.