ಕಣ್ಮುಚ್ಚಿ ಕೇಳಿರಿ

ಧ್ವನಿವರ್ಧಕವನ್ನು ಕೊಳ್ಳಹೊರಟವರನ್ನು ಮೊದಲು ಮರುಳುಗೊಳಿಸುವುದು ಅಂಕಿಗಳ ಪಟ್ಟಿ. ನೂರು ವಾಟ್ ಎಂದರೆ ಐವತ್ತರ ಇಮ್ಮಡಿ ಗಟ್ಟಿಯೆಂದು ನಂಬಿ ಹಣ ಸುರಿಯುವವರುಂಟು. ಅದೇ ಧ್ವನಿವರ್ಧಕಕ್ಕೆ ಇಮ್ಮಡಿ ವಾಟ್ ಹರಿಸಿದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಅದು ಅಲ್ಪವೇ ಸರಿ. ‘20ರಿಂದ 20,000 ಹರ್ಟ್ಸ್’ ಎಂಬ ಬರಹವೂ, ನಡುವಣ ಏರಿಳಿತವೆಷ್ಟೆಂದು ತಿಳಿಸದಿದ್ದರೆ, ಬರಿಯ ಅಲಂಕಾರ.

ಕಣ್ಣೂ ಕಿವಿಯನ್ನು ವಂಚಿಸಬಲ್ಲುದು. ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ ಎಂಬ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ತೆರೆಯ ಮರೆಯಿಂದ ಕೇಳಿದಾಗ ಕೇಳುಗರಿತ್ತ ಅಂಕಗಳೇ ಬೇರೆ. ಅವೇ ಪೆಟ್ಟಿಗೆಗಳನ್ನು ಕಣ್ಣಾರೆ ಕಂಡು ಕೇಳಿದಾಗ ಇತ್ತ ಅಂಕಗಳೇ ಬೇರೆ!

ಆದುದರಿಂದ, ನಿಮಗೆ ಚೆನ್ನಾಗಿ ಪರಿಚಿತವಾದ ಹಾಡೊಂದನ್ನು ಎರಡು ಪೆಟ್ಟಿಗೆಗಳಲ್ಲಿಯೂ ಸಮಾನ ಗಟ್ಟಿಯಲ್ಲಿ ನುಡಿಸಿರಿ. ಇಲ್ಲವಾದರೆ ಗಟ್ಟಿಯಾದುದೇ ಉತ್ತಮವೆಂದು ತೋರೀತು. ಗಾಯಕನ ಉಚ್ಚಾರಣೆ, ತಂಬೂರಿಯ ಝೇಂಕಾರ, ಮೃದಂಗದ ಎಡಗೈ ನಾದ ಸಹಜವಾಗಿವೆಯೆ? ಸಾಧ್ಯವಾದರೆ ಮನೆಯಲ್ಲಿಯೇ ಪರೀಕ್ಷಿಸಿರಿ. ಕೋಣೆಯೂ ನಾದವನ್ನು ಮಾರ್ಪಡಿಸುತ್ತದೆ. ಪಟ್ಟಿಯನ್ನು ಓದಬೇಡಿರೆಂದಲ್ಲ, ತೀರ್ಪು ಮಾತ್ರ ಕಿವಿಯದಾಗಲಿ.