ಶಿಖರಜಿ ವಂದನೆಗೆ ಮೊದಲು ಕಾಲು ಸಜ್ಜಾಗಲಿ

ಸಮ್ಮೇದ ಶಿಖರಜಿ ಯಾತ್ರೆ ನಿಶ್ಚಯವಾದ ಕೂಡಲೇ ನಮ್ಮ ಮನೆಗಳಲ್ಲಿ ರೈಲಿನ ಟಿಕೆಟ್ ಆಗುತ್ತದೆ, ಧರ್ಮಶಾಲೆಯ ಕೋಣೆ ಆಗುತ್ತದೆ, ದಾರಿಗೆ ಖಾಖ್ರಾ, ಚಕ್ಕುಲಿ ಡಬ್ಬಿ ತುಂಬುತ್ತವೆ. ಕಾಲಿನ ನೆನಪಾಗುವುದು ಮಾತ್ರ ಬೆಟ್ಟದ ಮೇಲೆ.

20 ತೀರ್ಥಂಕರರು ಮೋಕ್ಷ ಪಡೆದ ಈ ಪರ್ವತ ಜಾರ್ಖಂಡ್‌ನ ಗಿರಿಡೀಹ್ ಜಿಲ್ಲೆಯಲ್ಲಿದೆ. ಪಾರಸ್‌ನಾಥ್ ಸ್ಟೇಷನ್‌ನಲ್ಲಿ ಇಳಿದು ವಾಹನದಲ್ಲಿ ಮಧುಬನಕ್ಕೆ ಹೋಗಬೇಕು. ಅಲ್ಲಿಂದ ಏರಲು 9 ಕಿ.ಮೀ., ಮೇಲೆ ಟೋಂಕ್‌ಗಳ ವಂದನೆಗೆ 9 ಕಿ.ಮೀ., ಇಳಿಯಲು 9 ಕಿ.ಮೀ. ಹೀಗೆ ಒಂದೇ ದಿನದಲ್ಲಿ 27 ಕಿ.ಮೀ. ನಡಿಗೆ, ಅದೂ ಹೆಚ್ಚಿನವರು ಬರಿಗಾಲಲ್ಲಿ. ದಿನವಿಡೀ ಅಂಗಡಿಯ ಗಾದಿ ಮೇಲೆ ಕುಳಿತವರಿಗೆ ಇದು ಸಣ್ಣ ಮಾತಲ್ಲ.

ಆದ್ದರಿಂದ ಎರಡು ತಿಂಗಳು ಮೊದಲೇ ನಡಿಗೆ ಆರಂಭವಾಗಬೇಕು. ಮೊದಲ ವಾರ 2 ಕಿ.ಮೀ. ಸಾಕು, ನಂತರ ಸ್ವಲ್ಪ ಸ್ವಲ್ಪ ಏರಿಸುತ್ತ ಹೋಗಬೇಕು. ಬೆಳಗಿನ ತಂಪಿನಲ್ಲಿ ಒಂದಷ್ಟು ದೂರ ಚಪ್ಪಲಿ ಬಿಟ್ಟು ನಡೆದರೆ ಅಂಗಾಲು ಗಟ್ಟಿಯಾಗುತ್ತದೆ. ಏರುವ ಅಭ್ಯಾಸಕ್ಕೆ ಕೊಪ್ಪಳದವರು ದೂರ ಹೋಗಬೇಕಿಲ್ಲ. ಪ್ರಾಚೀನ ಕೊಪಣ ತೀರ್ಥವೇ ಇದು. ಪಾಲ್ಕಿಗುಂಡಿನಲ್ಲಿ ‘ವರಾಂಗಚರಿತ’ ಬರೆದ ಜಟಾಸಿಂಹನಂದಿ ಆಚಾರ್ಯರ ಪಾದಗಳಿವೆ, ಅದರ ಶಾಸನವೂ ಇದೆ. ಅಭ್ಯಾಸವೂ ಆಯಿತು, ದರ್ಶನವೂ ಆಯಿತು. ಗಂಗಾವತಿಯವರಿಗೆ ಸುತ್ತ ಗುಡ್ಡಗಳೇ. ಕುಷ್ಟಗಿ, ಯಲಬುರ್ಗಾದಲ್ಲಿ ಮನೆ ಹತ್ತಿರ ಗುಡ್ಡ ಇಲ್ಲದವರು ಮಹಡಿ ಮೆಟ್ಟಿಲನ್ನೇ ಹತ್ತಿ ಇಳಿಯಲಿ. ಇಳಿಯುವುದನ್ನು ಬಿಡಬಾರದು. ಏರುವಾಗ ಉಸಿರು ಕಟ್ಟುತ್ತದೆ, ನಿಂತರೆ ಸರಿಹೋಗುತ್ತದೆ. ಮಂಡಿ ಸೋಲುವುದು ಇಳಿಯುವಾಗ.

ಮಧುಬನದಿಂದ ನಸುಕಿನ 2-3 ಗಂಟೆಗೇ ಹೊರಡುವ ರೂಢಿ. ಚಳಿಗಾಲದಲ್ಲಿ ಅಲ್ಲಿನ ಚಳಿ ನಮ್ಮ ಕಡೆಯವರಿಗೆ ಹೊಸದು. ಸ್ವೆಟರ್, ಕಿವಿ ಮುಚ್ಚುವ ಬಟ್ಟೆ, ಟಾರ್ಚ್ ಇರಲಿ. ಊರುಗೋಲು ಅಲ್ಲೇ ಸಿಗುತ್ತದೆ. ಮೇಲೆ ಚಂದ್ರಪ್ರಭ ಭಗವಾನರ ಟೋಂಕ್ ಒಂದು ಬದಿಗೆ ದೂರವಿದೆ. ಎಲ್ಲಕ್ಕಿಂತ ಎತ್ತರದ ಪಾರ್ಶ್ವನಾಥರ ಟೋಂಕ್ ಬರುವುದು ಕೊನೆಗೆ. ಮೊದಲೇ ಓಡಿ ಏರಿದವರು ಇಲ್ಲಿಗೆ ಬರುವಷ್ಟರಲ್ಲಿ ಬಸವಳಿದಿರುತ್ತಾರೆ. ಗುಂಪಿನಲ್ಲಿ ಹಿರಿಯರ ಹೆಜ್ಜೆಗೆ ಉಳಿದವರು ಹೆಜ್ಜೆ ಹಾಕುವುದೇ ಸರಿ.

ಕೆಲವರು ನೀರನ್ನೂ ಮುಟ್ಟದೆ ವಂದನೆ ಮಾಡುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ಅವರನ್ನು ನೋಡಿ ನಿಯಮ ತೆಗೆದುಕೊಳ್ಳಬಾರದು. ಹೊರಡುವ ಮೊದಲು ವೈದ್ಯರಿಗೆ 27 ಕಿ.ಮೀ. ಎಂದು ಬಿಡಿಸಿ ಹೇಳಬೇಕು. ಬರೀ ‘ಯಾತ್ರೆಗೆ ಹೋಗುತ್ತೇವೆ’ ಎಂದರೆ ಅವರು ಬಸ್ಸಿನ ಪ್ರಯಾಣ ಎಂದುಕೊಳ್ಳುತ್ತಾರೆ. ಮಾತ್ರೆಗಳು ಧರ್ಮಶಾಲೆಯ ಚೀಲದಲ್ಲಲ್ಲ, ಜೇಬಿನಲ್ಲಿರಲಿ.

ನಡೆಯಲಾಗದ ಹಿರಿಯರಿಗೆ ಡೋಲಿ ಇದೆ. ‘ಡೋಲಿಯಲ್ಲಿ ಕೂತರೆ ಪುಣ್ಯ ಕಡಿಮೆ’ ಎಂದು ಹಟ ಹಿಡಿದು ಅರ್ಧ ದಾರಿಯಲ್ಲಿ ಕುಸಿದರೆ ಇಡೀ ಕುಟುಂಬದ ವಂದನೆ ಅಲ್ಲಿಗೇ ನಿಲ್ಲುತ್ತದೆ. ತೂಕ ನೋಡಿ ದರ ಹೇಳುತ್ತಾರೆ; ಹಿಂದಿನ ಸಂಜೆಯೇ ಮಾತಾಡಿ ಗೊತ್ತುಮಾಡಿಕೊಂಡರೆ ನಸುಕಿನ ಕತ್ತಲಲ್ಲಿ ಚೌಕಾಸಿ ಮಾಡುವುದು ತಪ್ಪುತ್ತದೆ.